ಅಕ್ಕನ ಮಕ್ಕಳನ್ನು ಕರ್ಕೊಂಡು ಘಟ್ಟ ಇಳಿಯುವ ಮೊದಲು

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿತ್ತು ಅಂದ್ರೆ ನಮ್ಮ ಶಿರಸಿ ಮನೆಗೆ ಮೂರು ಮಕ್ಕಳು ಬಂದಿಳಿಯುತ್ತಾರೆ. ಅಕ್ಕನ ಮಗಳಿಗೆ 10, ಅವಳ ತಮ್ಮನಿಗೆ 6, ಅಣ್ಣನ ಮಗಳಿಗೆ 8. ಆ ಇಬ್ಬರಿಗೆ ನಾನು ಚಿಕ್ಕಿ, ಇವಳಿಗೆ ಅತ್ತೆ. ಅಪ್ಪ ಅಮ್ಮಂದಿರಿಗೆ ರಜೆ ಇರೋದಿಲ್ಲ, ಮಕ್ಕಳಿಗೆ ಸಮುದ್ರ ನೋಡಲೇಬೇಕು. ಹಾಗಾಗಿ ಮೂರು ಬೇಸಿಗೆಯಿಂದ ನಾನು, ನಮ್ಮ ಮನೆಯವರು ಇಬ್ಬರೇ ಮೂವರನ್ನೂ ಕರ್ಕೊಂಡು ಘಟ್ಟದ ಕೆಳಗೆ ಹೋಗಿ ಬರುತ್ತಿದ್ದೇವೆ. ನೀವೂ ಈ ಸಲ ಅಕ್ಕನ ಮಕ್ಕಳನ್ನೋ ಅಣ್ಣನ ಮಕ್ಕಳನ್ನೋ ಕರ್ಕೊಂಡು ಹೊರಡುವವರಾದರೆ ಇದು ನಿಮಗಾಗಿ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ 6ಕ್ಕೆ ಶಿರಸಿ ಬಿಡೋದು, ಯಾಣ, ಮಿರ್ಜಾನ್ ಕೋಟೆ, ಗೋಕರ್ಣ, ಸಂಜೆಗೆ ಮುರ್ಡೇಶ್ವರ, ಎಲ್ಲಾ ಒಂದೇ ದಿನಕ್ಕೆ ಅಂತ ಇಟ್ಟುಕೊಂಡಿದ್ದೆ. ಯಾಣದಲ್ಲಿ ಸಣ್ಣವನನ್ನು ಎತ್ತಿಕೊಂಡೇ ಮೆಟ್ಟಿಲು ಹತ್ತಿದ್ದಾಯಿತು. ಕೋಟೆಯಲ್ಲಿ ಸುಡುವ ಬಿಸಿಲು. ಗೋಕರ್ಣದಲ್ಲಿ ಉದ್ದ ಸಾಲು. ಮುರ್ಡೇಶ್ವರ ಮುಟ್ಟುವಷ್ಟರಲ್ಲಿ ಮೂವರೂ ನಿದ್ದೆ. ಮನೆಗೆ ಬಂದ ಮೇಲೆ ಅವರ ಅಜ್ಜಿ "ಏನೇನು ನೋಡಿದ್ರಿ?" ಅಂತ ಕೇಳಿದರೆ ಮೂವರೂ ಹೇಳಿದ್ದು ಊಟ ಮಾಡಿದ ಹೋಟೆಲಿನ ಹಿಂದೆ ಕಟ್ಟಿದ್ದ ಕರುವಿನ ಸುದ್ದಿ. ಯಾಕಂದ್ರೆ ಅಲ್ಲಿ ಮಾತ್ರ ನಾವು ಅರ್ಧ ಗಂಟೆ ಸುಮ್ನೆ ಕೂತಿದ್ದೆವು. ಅವತ್ತಿನಿಂದ ದಿನಕ್ಕೆ ಒಂದು ಜಾಗ, ಅಷ್ಟೇ. ಉಳಿದ ಹೊತ್ತು ಖಾಲಿ.

ಹೊರಡುವ ಮೊದಲು ಮಕ್ಕಳ ಅಮ್ಮನ ಜೊತೆ ಒಂದು ಗಂಟೆ ಕೂತು ಮಾತಾಡಿ. ಇದು ನಮ್ಮ ಮಕ್ಕಳ ಜೊತೆ ಹೋಗುವುದಕ್ಕೂ ಇವರ ಜೊತೆ ಹೋಗುವುದಕ್ಕೂ ಇರುವ ದೊಡ್ಡ ವ್ಯತ್ಯಾಸ. ನಾವು ಎಷ್ಟೇ ಮುದ್ದು ಮಾಡಿದರೂ ಆ ಮಗುವಿಗೆ ಯಾವ ಔಷಧ ಒಗ್ಗೋದಿಲ್ಲ, ರಾತ್ರಿ ಎಷ್ಟು ಹೊತ್ತಿಗೆ ಎಬ್ಬಿಸಿ ಮೂತ್ರಕ್ಕೆ ಕಳಿಸಬೇಕು, ಶೇಂಗಾ ತಿಂದರೆ ಮೈಮೇಲೆ ದದ್ದು ಏಳುತ್ತದಾ, ಇದೆಲ್ಲ ನಮಗೆ ಗೊತ್ತಿರೋದಿಲ್ಲ. ಜ್ವರಕ್ಕೆ ಕೊಡುವ ಔಷಧದ ಹೆಸರು, ತೂಕಕ್ಕೆ ತಕ್ಕ ಅಳತೆ ಎರಡನ್ನೂ ಅಕ್ಕನ ಕೈಯಲ್ಲೇ ಒಂದು ಚೀಟಿಯಲ್ಲಿ ಬರೆಸಿ. ಮಕ್ಕಳ ಆಧಾರ್ ಕಾರ್ಡಿನ ಪ್ರತಿ ಇಟ್ಟುಕೊಳ್ಳಿ, ಲಾಡ್ಜ್‌ನಲ್ಲಿ ಕೇಳುತ್ತಾರೆ. ಮಗು ನೀರಿಗೆ ಇಳಿಯಬಹುದಾ, ದೋಣಿ ಹತ್ತಬಹುದಾ, ಅದನ್ನೂ ಬಾಯಿಬಿಟ್ಟು ಕೇಳಿ. ಅಕ್ಕ ಬೇಡ ಅಂದರೆ ಬೇಡ. ನಮ್ಮ ಮೇಲಿನ ನಂಬಿಕೆಯಿಂದ ಮಗುವನ್ನು ಕಳಿಸಿದ್ದಾಳೆ, ಅಲ್ವಾ?

ಎಲ್ಲಿಗೆ ಹೋಗೋದು ಅನ್ನೋದಕ್ಕೆ ನನ್ನ ಹತ್ತಿರ ಒಂದು ದಾರಿ ಇದೆ. ಈಗ ಎರಡು ವರ್ಷದಿಂದ ಅದನ್ನೇ ಹಿಡಿದಿದ್ದೇನೆ. ಮಕ್ಕಳಿಗೆ ಊರುಗಳ ಹೆಸರು ತಲೆಗೆ ಹೋಗೋದಿಲ್ಲ, ಕತೆ ಬೇಕು. ನಮ್ಮ ಕತೆ ಅಘನಾಶಿನಿ ಹೊಳೆ. ಶಿರಸಿ ಪೇಟೆಯಲ್ಲೇ ಇರುವ ಶಂಕರಹೊಂಡ ಈ ಹೊಳೆಯ ಒಂದು ಮೂಲ, ಮಂಜುಗುಣಿಯ ಕಡೆ ಇನ್ನೊಂದು. ಮೊದಲ ದಿನ ಮಕ್ಕಳನ್ನು ಶಂಕರಹೊಂಡಕ್ಕೆ ಕರ್ಕೊಂಡು ಹೋಗಿ "ಈ ನೀರು ಎಲ್ಲಿಗೆ ಹೋಗುತ್ತೆ ನೋಡೋಣ ಬನ್ನಿ" ಅಂತ ಹೇಳಿ. ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲದೆ ಘಟ್ಟ ಇಳಿದು ಸಮುದ್ರ ಸೇರುವ ಹೊಳೆ ಇದು. ಸಿದ್ದಾಪುರದ ಕಡೆ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕುತ್ತದೆ. ಬೇಸಿಗೆಯಲ್ಲಿ ನೀರು ಕಡಿಮೆ, ಮೆಟ್ಟಿಲು ಜಾಸ್ತಿ. ಹಾಗಾಗಿ ಸಣ್ಣ ಮಕ್ಕಳಿದ್ದರೆ ಅದನ್ನು ದಸರಾ ರಜೆಗೆ ಇಟ್ಟುಕೊಳ್ಳಿ. ಕೊನೆಗೆ ಕುಮಟಾ ತಾಲ್ಲೂಕಿನ ತದಡಿ ಹತ್ತಿರ ಹೊಳೆ ಕಡಲಿಗೆ ಸೇರುತ್ತದೆ. ಒಂದು ದಡದಲ್ಲಿ ತದಡಿ, ಇನ್ನೊಂದು ದಡದಲ್ಲಿ ಹೊಳೆಯ ಹೆಸರಿನದೇ ಊರು ಅಘನಾಶಿನಿ. ನಡುವೆ ಊರಿನವರು ದಿನಾ ಓಡಾಡುವ ದೋಣಿ ಇದೆ. ಪ್ರವಾಸಿಗರ ಬೋಟಿಂಗ್‌ಗಿಂತ ನಮ್ಮ ಮಕ್ಕಳಿಗೆ ಈ ದೋಣಿಯೇ ಇಷ್ಟ. ಹತ್ತುವ ಮೊದಲು ಲೈಫ್ ಜಾಕೆಟ್ ಕೇಳಿ, ಮಕ್ಕಳ ಅಳತೆಯದು ಇಲ್ಲದಿದ್ದರೆ ದಡದಲ್ಲೇ ನಿಂತು ನೋಡಿ. ಇಳಿತದ ಹೊತ್ತಿಗೆ ಹೋದರೆ ಹೆಂಗಸರು, ಗಂಡಸರು ಸೊಂಟದ ತನಕ ನೀರಿನಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವುದು ಕಾಣುತ್ತದೆ. ಹೋದ ವರ್ಷ ಸಣ್ಣವ ಒಂದು ಬಳಚಿನ ಚಿಪ್ಪನ್ನು ಕಿವಿಗೆ ಹಿಡಿದುಕೊಂಡು "ಶಂಕರಹೊಂಡದ ನೀರು ಇಲ್ಲಿಗೆ ಬಂತಾ ಚಿಕ್ಕಿ?" ಅಂತ ಕೇಳಿದ. ನಾನು ಹೌದು ಅಂದೆ. ಅವನು ತುಂಬಾ ಹೊತ್ತು ನೀರು ನೋಡುತ್ತಾ ನಿಂತಿದ್ದ.

ಈಗ ಘಾಟಿಯ ವಿಷಯ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಾಟಿ ಮೇಲೆ ಸುಮಾರು 60 ಕಿ.ಮೀ. ರಸ್ತೆ ಕೆಲಸ, ಮಳೆ ಅಂತ ಆಗಾಗ ಈ ದಾರಿ ಬಂದ್ ಆಗುತ್ತಿರುತ್ತದೆ. ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಬಯಲುಸೀಮೆಯಲ್ಲಿ, ಬೆಂಗಳೂರಲ್ಲಿ ಬೆಳೆದ ಮಕ್ಕಳಿಗೆ ಈ ತಿರುವುಗಳಲ್ಲಿ ವಾಂತಿ ಬರೋದು ಸಹಜ. ಕಣ್ಣು ಒಂದು ಹೇಳುತ್ತದೆ, ಒಳಕಿವಿ ಇನ್ನೊಂದು ಹೇಳುತ್ತದೆ, ಅದಕ್ಕೇ ಹೊಟ್ಟೆ ತೊಳಸುತ್ತದೆ. ಹಾಗಾಗಿ ಘಾಟಿಯಲ್ಲಿ ಮೊಬೈಲ್ ಬೇಡವೇ ಬೇಡ. ಪುಸ್ತಕವೂ ಬೇಡ. ದೂರದ ರಸ್ತೆ ನೋಡಲು ಹೇಳಿ. ಬಸ್ಸಾದರೆ ಹಿಂದಿನ ಚಕ್ರಕ್ಕಿಂತ ಮುಂದಿನ ಸೀಟು ಹಿಡಿಯಿರಿ. ಕಾರಾದರೆ ಕಿಟಕಿ ಸ್ವಲ್ಪ ಇಳಿಸಿ. ಬೆಳಿಗ್ಗೆ ಹೊಟ್ಟೆ ತುಂಬಾ ಹಾಲು, ಎಣ್ಣೆ ತಿಂಡಿ ಕೊಡಬೇಡಿ, ಹಾಗಂತ ಪೂರ್ತಿ ಖಾಲಿ ಹೊಟ್ಟೆಯಲ್ಲೂ ಕೂರಿಸಬೇಡಿ. ಎರಡು ತೆಳ್ಳೇವು (ತೆಳು ದೋಸೆ), ಸ್ವಲ್ಪ ಬೆಲ್ಲ ಸಾಕು. ವಾಂತಿ ಮಾತ್ರೆ ಕೊಡುವುದಿದ್ದರೆ ಮೊದಲೇ ಡಾಕ್ಟರನ್ನು ಕೇಳಿ, ಹೊರಡುವ ಅರ್ಧ ಗಂಟೆ ಮೊದಲು ಕೊಡಿ. ಪ್ಲಾಸ್ಟಿಕ್ ಕವರ್, ಒದ್ದೆ ಬಟ್ಟೆ, ಒಂದು ಜೊತೆ ಅಂಗಿ ಚಡ್ಡಿ ಕೈಗೆ ಸಿಗುವ ಹಾಗೆ ಕಾಲಬುಡದಲ್ಲಿ ಇಟ್ಟುಕೊಳ್ಳಿ. ಡಿಕ್ಕಿಯೊಳಗಿನ ಸೂಟ್‌ಕೇಸಿನಲ್ಲಿ ಇದ್ದರೆ ಏನೂ ಉಪಯೋಗ ಇಲ್ಲ. ವಾಂತಿ ಮಾಡಿದ ಮಗುವಿಗೆ ಬೈಯಬೇಡಿ, ಬೇರೆ ಮಕ್ಕಳು ನಗಲಿಕ್ಕೂ ಬಿಡಬೇಡಿ. ಚಿಕ್ಕಿಯ ಕಾರನ್ನು ನಾನು ಹಾಳು ಮಾಡಿದೆ ಅನ್ನೋ ಅಳುಕು ಅದಕ್ಕೆ ಮೊದಲೇ ಇರುತ್ತದೆ.

ಸಮುದ್ರದ ವಿಷಯದಲ್ಲಿ ನಾನು ಸ್ವಲ್ಪ ಖಡಕ್. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ನೀರುಪಾಲಾದರು. ಆ ಸುದ್ದಿ ಓದಿದ ಮೇಲೆ ನನಗೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅಲೆ ಒಡೆಯದೆ ನಡುವೆ ಒಂದು ಪಟ್ಟಿಯ ಹಾಗೆ ನೀರು ಶಾಂತವಾಗಿ ಕಂಡರೆ ಅಲ್ಲಿ ಸೆಳೆತ ಇರಬಹುದು. ದಡಕ್ಕೆ ಬಂದ ನೀರು ಅದೇ ದಾರಿಯಲ್ಲಿ ವಾಪಸ್ ಹೋಗುತ್ತಿರುತ್ತದೆ. ಹೊರಗಿನವರು ಇಲ್ಲೇ ಸಲೀಸು ಅಂತ ಅಲ್ಲೇ ಇಳಿಯುತ್ತಾರೆ. ಜೀವರಕ್ಷಕರು ಇರುವ ಕಡೆ ಮಾತ್ರ ಇಳಿಯಿರಿ, ಅವರನ್ನೇ ಕೇಳಿ ಇಳಿಯಿರಿ, ಸಣ್ಣವರಿಗೆ ಮೊಣಕಾಲಿಗಿಂತ ಮೇಲೆ ನೀರು ಬೇಡ. ಒಬ್ಬ ದೊಡ್ಡವರಿಗೆ ಇಂಥ ಮಗು ಅಂತ ಹೆಸರು ಹಿಡಿದು ಹಂಚಿಕೊಳ್ಳಿ. "ಎಲ್ಲರೂ ನೋಡ್ತಾ ಇರಿ" ಅಂದರೆ ಯಾರೂ ನೋಡುತ್ತಿರೋದಿಲ್ಲ. ನಾವು ಇಬ್ಬರು, ಮಕ್ಕಳು ಮೂವರು, ಹಾಗಾಗಿ ನಮ್ಮಲ್ಲಿ ಒಂದು ಸಲಕ್ಕೆ ಒಂದೇ ಮಗು ನೀರಿಗೆ, ಜೊತೆಗೆ ನಮ್ಮಲ್ಲೊಬ್ಬರು, ಉಳಿದ ಇಬ್ಬರು ಮಕ್ಕಳು ಇನ್ನೊಬ್ಬರ ಕೈ ಹಿಡಿದು ದಡದಲ್ಲಿ. ನೀಲಿ, ಬಿಳಿ ಬಟ್ಟೆ ಹಾಕಬೇಡಿ, ನೀರಿನಲ್ಲಿ ಕಾಣೋದೇ ಇಲ್ಲ. ಕಿತ್ತಳೆ, ಕೆಂಪು ಹಾಕಿ. ಫೋನ್ ಚೀಲದಲ್ಲಿ ಇರಲಿ, ಫೋಟೋ ಆಮೇಲೆ. ಜೂನ್ ಹತ್ತಿರ ಬಂದು ಕಡಲು ಕೆರಳಿದ ಮೇಲಂತೂ ಮಕ್ಕಳನ್ನು ನೀರಿಗೆ ಬಿಡಲೇಬೇಡಿ.

ನೀರಿಗೆ ಇಳಿಯದೆಯೂ ದಂಡೆಯಲ್ಲಿ ಅರ್ಧ ದಿನ ಕಳೆಯಬಹುದು. ಬೆಳಿಗ್ಗೆ 7ರ ಒಳಗೆ ಹೋಗಿ. ನೀರು ಇಳಿದಿದ್ದರೆ ಒದ್ದೆ ಮರಳಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳಿನ ಉಂಡೆಗಳು ಚಿತ್ತಾರ ಹಾಕಿದ ಹಾಗೆ ಬಿದ್ದಿರುತ್ತವೆ. ನಡುವೆ ಒಂದು ತೂತು. ಅದರ ಹತ್ತಿರ ಅಲ್ಲಾಡದೆ ಕೂರಲು ಹೇಳಿ. ಎರಡು ನಿಮಿಷಕ್ಕೆ ಕಡಲೆಕಾಳಿನಷ್ಟು ಏಡಿ ಹೊರಗೆ ಬರುತ್ತದೆ, ಮರಳನ್ನು ಬಾಯಿಗೆ ಹಾಕಿ ಅದರಲ್ಲಿದ್ದ ಆಹಾರ ತೆಗೆದುಕೊಂಡು ಉಳಿದದ್ದನ್ನು ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ಒಬ್ಬರು ಉಸಿರು ಜೋರಾಗಿ ಬಿಟ್ಟರೂ ಒಳಗೆ ಓಡುತ್ತದೆ. ಮನೆಯಲ್ಲಿ ಐದು ನಿಮಿಷ ಕೂರದ ನಮ್ಮ ಸಣ್ಣವ ಅಲ್ಲಿ ಮುಕ್ಕಾಲು ಗಂಟೆ ಕೂತಿದ್ದ. ಇನ್ನೊಂದು ಆಟ, ನೀರು ಬಂದು ಮುಟ್ಟಿದ ಜಾಗದಲ್ಲಿ ಒಂದು ಕೋಲು ನೆಡೋದು. ಹತ್ತು ಹತ್ತು ನಿಮಿಷಕ್ಕೆ ಹೊಸ ಕೋಲು. ಭರತ ಇಳಿತ ಸುಮಾರು 6 ಗಂಟೆಗೊಮ್ಮೆ ಬದಲಾಗುತ್ತದೆ, ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ ಅನ್ನೋದು ಆ ಕೋಲುಗಳಿಂದಲೇ ದೊಡ್ಡವಳಿಗೆ ಅರ್ಥ ಆಯಿತು.

ಶೌಚಾಲಯ ಸರಿಯಾಗಿ ಇರುವ ಕಡಲತೀರ ಬೇಕು ಅಂದರೆ ಹೊನ್ನಾವರದ ಕಾಸರಕೋಡು ನೋಡಿ. ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಗುರುತು ಬ್ಲೂ ಫ್ಲ್ಯಾಗ್ 2020ರಲ್ಲಿ ಸಿಕ್ಕ ತೀರ ಅದು. ಹೆಣ್ಣುಮಕ್ಕಳು ಜೊತೆಗಿದ್ದರೆ ಇದು ಸಣ್ಣ ವಿಷಯ ಅಲ್ಲ.

ಮುರ್ಡೇಶ್ವರಕ್ಕೆ ಕುಮಟಾದಿಂದ ರೈಲಿನಲ್ಲಿ ಹೋಗಿ. ಹೊನ್ನಾವರ ದಾಟಿದ ಮೇಲೆ ಶರಾವತಿಯ ಮೇಲಿನ ಸೇತುವೆ 2 ಕಿ.ಮೀ.ಗಿಂತ ಉದ್ದ. ಅದು ಮುಗಿಯುವ ತನಕ ಮಕ್ಕಳು ಒಂದು, ಎರಡು ಅಂತ ಎಣಿಸುತ್ತಾ ಕೂರುತ್ತಾರೆ, ಎಣಿಕೆ ತಪ್ಪಿಸಿಕೊಂಡು ಜಗಳ ಆಡುತ್ತಾರೆ. 5 ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಸೀಟು ಬೇಡದಿದ್ದರೆ ಟಿಕೆಟ್ ಇಲ್ಲ. 5ರಿಂದ 12ರ ಮಕ್ಕಳಿಗೆ ಬರ್ತ್ ಬೇಡ ಅಂದರೆ ಅರ್ಧ ದರ, ಬೇಕು ಅಂದರೆ ಪೂರ್ತಿ ದರ. ದೇವಸ್ಥಾನಕ್ಕೆ ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ನಡು ಮಧ್ಯಾಹ್ನ ಬರಿಗಾಲಿನಲ್ಲಿ ಆ ಕಲ್ಲಿನ ಮೇಲೆ ನಡೆಸಿದರೆ ಮಕ್ಕಳ ಅಂಗಾಲು ಸುಡುತ್ತದೆ. ಮೊದಲ ಪ್ರವಾಸ ಮುಗಿಸಿ ಬಂದ ರಾತ್ರಿ ಅಣ್ಣನ ಮಗಳ ಕಾಲಿಗೆ ತುಪ್ಪ ಹಚ್ಚಿ ಮಲಗಿಸಿದ್ದೆ. ಈಗ ಮೂವರ ಚೀಲದಲ್ಲೂ ಹಳೇ ಕಾಲುಚೀಲ ಇರುತ್ತದೆ. 123 ಅಡಿಯ ಶಿವನನ್ನು ನೋಡೋದಕ್ಕಿಂತ 20 ಅಂತಸ್ತಿನ ರಾಜಗೋಪುರದ ಲಿಫ್ಟ್ ಹತ್ತಿ ಕಿಟಕಿಯಿಂದ ದೋಣಿ ಎಣಿಸೋದೇ ಇವರಿಗೆ ಜಾಸ್ತಿ ಖುಷಿ. ಇರಲಿ ಬಿಡಿ.

ಕಾರವಾರದ ಕಡೆ ಹೋಗುವವರು ಟಾಗೋರ್ ಕಡಲತೀರದಲ್ಲಿ ಇಟ್ಟಿರುವ ಐಎನ್ಎಸ್ ಚಪಲ್ ಹಡಗನ್ನು ಬಿಡಬೇಡಿ. ನಿಜವಾದ ಯುದ್ಧನೌಕೆಯ ಒಳಗೆ ಹೋಗಿ ನೋಡೋದು ಮಕ್ಕಳಿಗೆ ಸಣ್ಣ ಸಂಗತಿ ಅಲ್ಲ. ಶಿರಸಿ ಕಡೆಯೇ ಉಳಿಯುವುದಾದರೆ ಶಾಲ್ಮಲೆ ಹೊಳೆಯ ಬಂಡೆಗಳಲ್ಲಿ ಕೆತ್ತಿದ ಸಹಸ್ರಲಿಂಗ. ಬೇಸಿಗೆಯಲ್ಲಿ ನೀರು ಇಳಿದಾಗಲೇ ಲಿಂಗಗಳು ಚೆನ್ನಾಗಿ ಕಾಣೋದು, ಪಾಚಿ ಕಟ್ಟಿದ ಬಂಡೆ ಮಾತ್ರ ಜಾರುತ್ತದೆ. ಯಾಣಕ್ಕೆ ಹೋದರೆ ಅವತ್ತು ಅದೊಂದೇ. 120 ಮೀಟರ್‌ನ ಭೈರವೇಶ್ವರ ಶಿಖರದ ಬುಡದಲ್ಲಿ ಬಂಡೆಯ ಸಂದಿಯೊಳಗೆ ನಡೆದು ಹೋಗುವಾಗ ತಣ್ಣಗೆ ಗಾಳಿ ಬರುತ್ತದೆ. ಮೇಲೆ ಹೆಜ್ಜೇನು ಇರುತ್ತದೆ, ಕಿರುಚಬಾರದು ಅಂತ ಕಾರಿನಲ್ಲೇ ಹೇಳಿ ಇಳಿಸಿ.

ಊಟಕ್ಕೆ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ಗಂಜಿ, ಮೊಸರನ್ನ, ಇಡ್ಲಿ ಎಲ್ಲಾ ಕಡೆ ಸಿಗುತ್ತದೆ. ಕೆಳಗಿನ ಸೆಕೆಗೆ ಮಕ್ಕಳು ಬೆವರಿ ಬಸವಳಿಯುತ್ತಾರೆ, ಆಗಾಗ ಎಳನೀರು, ಮುರುಗಲ (ಕೋಕಂ) ಶರಬತ್ತು, ನಿಂಬೆ ಪಾನಕ ಕುಡಿಸುತ್ತಾ ಇರಿ. ಓಆರ್‌ಎಸ್ ಪೊಟ್ಟಣ ನಾಲ್ಕು ಇರಲಿ. ಅಂಕೋಲೆ ಕಡೆ ಹೋದರೆ ಮೇ ತಿಂಗಳಲ್ಲಿ ಕರಿ ಇಶಾಡ ಮಾವಿನಹಣ್ಣು ಕೇಳಿ ಕೊಳ್ಳಿ. ಕುಮಟಾದ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ನೇತುಹಾಕಿದ ಸಿಹಿ ಈರುಳ್ಳಿ ಅಕ್ಕನ ಮನೆಗೂ ಒಂದು ಗೊಂಚಲು ಇರಲಿ.

ಮೂರು ಮನಸ್ಸಿನ ಮಕ್ಕಳು ಸೇರಿದ ಕಡೆ ಸಣ್ಣ ಸಣ್ಣದಕ್ಕೆ ನೋವಾಗುತ್ತದೆ. ಅಣ್ಣನ ಮಗಳು ಒಬ್ಬಳೇ ಮಗು, ಅಕ್ಕನ ಮಕ್ಕಳಿಬ್ಬರೂ ಒಂದಾದಾಗ ಅವಳು ಸುಮ್ಮನೆ ಮೂಲೆ ಹಿಡಿಯುತ್ತಾಳೆ. ಅದಕ್ಕೆ ನಾನು ಮೂವರಿಗೂ ಒಂದೊಂದು ದಿನ ಕೊಡುತ್ತೇನೆ. ಆ ದಿನ ಕಿಟಕಿ ಸೀಟು ಅವರದು, ಸಂಜೆ ಏನು ತಿನ್ನಬೇಕು ಅನ್ನೋದೂ ಅವರೇ ಹೇಳೋದು. ಆಟಿಕೆ ಕೊಡಿಸಿದರೆ ಮೂವರಿಗೂ ಒಂದೇ ಬೆಲೆಯದು. ಇವಳು ಅತ್ತೆ ಅಂತಾಳೆ, ಅವರು ಚಿಕ್ಕಿ ಅಂತಾರೆ, ಕೈ ಮಾತ್ರ ಒಂದೇ ಅಂತ ಅವರಿಗೆ ಕಾಣಬೇಕು.

ರಾತ್ರಿ ಅಮ್ಮ ಬೇಕು ಅಂತ ಅಳು ಬಂದೇ ಬರುತ್ತದೆ, ಹೆಚ್ಚಾಗಿ ಮೊದಲ ರಾತ್ರಿ. ವಿಡಿಯೋ ಕಾಲ್ ಮಲಗುವ ಹೊತ್ತಿಗೆ ಮಾಡಬೇಡಿ, ಅಮ್ಮನ ಮುಖ ನೋಡಿದ ಕೂಡಲೇ ಅಳು ಜೋರಾಗುತ್ತದೆ. ಸಂಜೆ 6ಕ್ಕೆ, ದಂಡೆಯಲ್ಲಿ ಆಡುತ್ತಿರುವಾಗಲೇ ಮಾಡಿಸಿ. ಮನೆಯಿಂದ ಅವರ ಹೊದಿಕೆ ತಂದಿರಲಿ. ದೀಪ ಆರಿಸಿದ ಮೇಲೆ ಅವರ ಅಮ್ಮ ಸಣ್ಣವಳಿದ್ದಾಗ ಇದೇ ಕಡಲಲ್ಲಿ ಏನು ಮಾಡಿದ್ದಳು ಅಂತ ಹೇಳಿ. ಅಕ್ಕ ಗೋಕರ್ಣದಲ್ಲಿ ಒಂದು ಚಪ್ಪಲಿ ಅಲೆಗೆ ಬಿಟ್ಟುಕೊಂಡು, ಇನ್ನೊಂದನ್ನು ಬಿಡದೆ ಕೈಯಲ್ಲಿ ಹಿಡಿದುಕೊಂಡೇ ಶಿರಸಿಗೆ ಬಂದ ಕತೆಯನ್ನು ನಾನು ಮೂರು ವರ್ಷದಲ್ಲಿ ಎಷ್ಟು ಸಲ ಹೇಳಿದ್ದೇನೋ. ಸಣ್ಣವ ಆ ಚಪ್ಪಲಿಯ ಬಣ್ಣ ಕೇಳುತ್ತಾ ಕೇಳುತ್ತಾ ನಿದ್ದೆ ಹೋಗುತ್ತಾನೆ.

ವಾಪಸ್ ಬಂದ ಮಾರನೆಯ ದಿನ ಏನೂ ಇಟ್ಟುಕೊಳ್ಳಬೇಡಿ. ಮಕ್ಕಳು ನಿದ್ದೆ ಮಾಡಲಿ. ಬಟ್ಟೆಯ ಮರಳನ್ನು ಅಂಗಳದಲ್ಲೇ ಕೊಡವಿ, ಎರಡು ಸಲ ಸಿಹಿ ನೀರಲ್ಲಿ ಜಾಲಾಡಿ, ಆಮೇಲೆ ಮಷಿನ್‌ಗೆ ಹಾಕಿ. ಜೇಬು ನೋಡದೆ ಹಾಕಬೇಡಿ, ಚಿಪ್ಪು ಇರುತ್ತದೆ. ಹೆಕ್ಕಿ ಒಂದು ಡಬ್ಬಿಗೆ ಹಾಕಿ, ಮೇಲೆ ಮಗುವಿನ ಹೆಸರು ಬರೆದು ಇಡಿ. ಅಕ್ಕ ಕರ್ಕೊಂಡು ಹೋಗಲು ಬಂದಾಗ ಮಕ್ಕಳು ಚೀಲಕ್ಕಿಂತ ಮೊದಲು ಅದನ್ನೇ ಕೇಳುತ್ತಾರೆ.