‘ಸೆಟ್’ ಪದವನ್ನು ಹಿಡಿಯುವ ಬಗೆ

ಚಾಮರಾಜಪೇಟೆಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ‘ಸೆಟ್’ ಪದದ ಅರ್ಥಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದರದ್ದೇ.

ಪಕ್ಕದ ಪದ ನೋಡಿ. ಸೂರ್ಯನ ಜೊತೆ ಬಂದರೆ ಮುಳುಗುವುದು. ಮೊಸರಿನ ಜೊತೆ ಹೆಪ್ಪುಗಟ್ಟುವುದು, ಸಿಮೆಂಟಿಗಾದರೆ ಗಟ್ಟಿಯಾಗುವುದು. ಸೆಟ್ ದೋಸೆಯಲ್ಲಿ ಮಾತ್ರ ಒಟ್ಟಿಗೆ ಬರುವ ಗುಂಪು, ಅಲ್ವಾ?

ಆಮೇಲೆ ಹಿಂದೆ ಅಂಟಿದ ಚಿಕ್ಕ ಪದ ನೋಡಿ. ‘ಸೆಟ್ ಆಫ್’ ಅಂದರೆ ಹೊರಡುವುದು, ಪಟಾಕಿಯಾದರೆ ಹಚ್ಚುವುದು. ‘ಸೆಟ್ ಅಪ್’ ಅಂದರೆ ಶುರು ಮಾಡುವುದು. ‘ಸೆಟ್ ಅಸೈಡ್’ನಲ್ಲಿ ಜಾಸ್ತಿ ಎಚ್ಚರ ಬೇಕು. ದುಡ್ಡಾದರೆ ಎತ್ತಿಡುವುದು. ಹೈಕೋರ್ಟ್ ಸುದ್ದಿಯಲ್ಲಿ ಬಂದರೆ ಕೆಳಗಿನ ಕೋರ್ಟಿನ ಆದೇಶವನ್ನು ರದ್ದು ಮಾಡುವುದು. ಪೂರ್ತಿ ಉಲ್ಟಾ!

ಭೂತಕಾಲದಲ್ಲೂ ‘ಸೆಟ್’ ಎಂದೇ ಇರುತ್ತದೆ. ‘ಸೆಟ್ಟೆಡ್’ ಅನ್ನಬೇಡಿ.