ಕಲ್ಗೋರಿಯ ಅಗೆತ: ದಿನದ ಕೆಲಸದ ಕ್ರಮ

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಕಲ್ಗೋರಿಗಳನ್ನು ಊರಿನವರು ‘ಮೋರೇರ ಮನೆ’ ಎನ್ನುತ್ತಾರೆ. ಬೃಹತ್ ಶಿಲಾಯುಗದ, ಎಂದರೆ ದೊಡ್ಡ ಕಲ್ಲುಗಳಿಂದ ಗೋರಿ ಕಟ್ಟುತ್ತಿದ್ದ ಕಾಲದ, ಇಂಥ ಸಮಾಧಿಯನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿಯಿಲ್ಲದೆ ಯಾರೂ ಮುಟ್ಟಕೂಡದು.

ನಮ್ಮ ಸೀಮೆಯ ಬಿಸಿಲಿಗೆ ಬೆಳಗಿನ ಆರಕ್ಕೇ ಕೆಲಸ ಹಿಡಿಯಬೇಕು. ಓರೆ ಬೆಳಕಿನಲ್ಲಿ, ನೀರು ಚಿಮುಕಿಸಿದ ಮಣ್ಣಿನ ಬಣ್ಣದ ವ್ಯತ್ಯಾಸವೂ ಚೆನ್ನಾಗಿ ಕಾಣುತ್ತದೆ. ಕಲ್ಲುಗಳ ಸುತ್ತಿನ ವೃತ್ತವನ್ನು ದಾರ ಕಟ್ಟಿ ನಾಲ್ಕು ಪಾಲು ಮಾಡಿ, ನಡುವೆ ಅಗೆಯದ ಮಣ್ಣಿನ ಗೋಡೆಗಳನ್ನು ಉಳಿಸಿಕೊಂಡು, ಮೊದಲು ಎದುರುಬದುರಿನ ಎರಡು ಪಾಲುಗಳನ್ನು ಮಾತ್ರ ಕರಣೆಯಿಂದ ಪದರ ಪದರವಾಗಿ ಕೆರೆಯಬೇಕು. ತೆಗೆದ ಮಣ್ಣನ್ನೆಲ್ಲ ಜರಡಿ ಹಿಡಿಯಿರಿ, ಏಕೆಂದರೆ ಮಣಿಗಳು ಸಿಗುವುದು ಅಲ್ಲಿಯೇ.

ಕಪ್ಪು-ಕೆಂಪು ಮಡಕೆಯ ಅಂಚು ಕಂಡೊಡನೆ ಕರಣೆ ಬದಿಗಿಟ್ಟು ಬಿದಿರಿನ ಕಡ್ಡಿ ಮತ್ತು ಮೆತ್ತನೆಯ ಕುಂಚ ಹಿಡಿಯಿರಿ. ಮಡಕೆಯನ್ನು ಎತ್ತುವ ಆತುರ ಬೇಡ: ಅಳತೆ, ಚಿತ್ರ, ಛಾಯಾಚಿತ್ರ ಮುಗಿದ ಮೇಲೆಯೇ ಅದನ್ನು ಕದಲಿಸಬೇಕು, ಒಳಗಿನ ಮಣ್ಣನ್ನಂತೂ ಸುರಿಯಲೇಬಾರದು. ಆ ಹಿಡಿ ಮಣ್ಣಿನಲ್ಲಿ ಸುಟ್ಟ ಧಾನ್ಯವಿರಬಹುದು. ನನಗೆ ಅದು ಚಿನ್ನದ ಮಣಿಗಿಂತ ಹೆಚ್ಚು. ಇದ್ದಿಲನ್ನು ಬರಿಗೈಯಿಂದ ಮುಟ್ಟದೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಡಿ. ಮೂಳೆಗಳನ್ನು ತೊಳೆಯದೆ ನೆರಳಿನಲ್ಲಿ ನಿಧಾನವಾಗಿ ಆರಿಸಿರಿ.

ಸಂಜೆ ಗುಂಡಿಗೆ ತಾಡಪತ್ರಿ ಹೊದಿಸುವ ಮೊದಲೇ ಅಂದಿನ ದಿನಚರಿ ಬರೆದು ಮುಗಿಸಿರಿ.