ಚೆಲುವಯ್ಯ ತೂಬು ಮುಚ್ಚಿದ್ದು ಯಾಕೆ

"ಲೋಕಾನೆಲ್ಲ ಸುಟ್ಟು ಬೂದಿ ಮಾಡಿದ ಮೇಲೆ ಇವನು ಎಲ್ಲಿ ವಾಸ ಮಾಡ್ತಾನೆ ಮಗಾ?"

ನಾವು ಆಡಲು ಶುರು ಮಾಡಿ ಮೂರನೇ ಭಾನುವಾರ ಮದ್ದೂರಿನ ಗೆಳೆಯ ಹೀಗೆ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಇವನು ಅಂದರೆ ನಮ್ಮ ಆಟಕ್ಕೆ ನಾನು ಕಟ್ಟಿದ್ದ ಖಳನಾಯಕ, ಒಬ್ಬ ಮಾಂತ್ರಿಕ. ಅವನಿಗೆ ಕಪ್ಪು ನಿಲುವಂಗಿ, ತಲೆಬುರುಡೆಯ ಕೋಲು, ಗಹಗಹಿಸುವ ನಗು ಎಲ್ಲ ಕೊಟ್ಟಿದ್ದೆ. ಬೆಳಿಗ್ಗೆ ಎದ್ದು ಇಷ್ಟೆಲ್ಲ ಯಾಕೆ ಒದ್ದಾಡಬೇಕು ಅನ್ನೋದೊಂದನ್ನು ಮಾತ್ರ ಕೊಟ್ಟಿರಲಿಲ್ಲ.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮನೆ ಊಟದ ಮೇಜಿನ ಸುತ್ತ ಐದು ಜನ ಸೇರುತ್ತೇವೆ. ಆಡುವುದು ಡಂಜನ್ಸ್ ಅಂಡ್ ಡ್ರಾಗನ್ಸ್. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ನಾವು ಹಿಡಿದಿರುವುದು 2014ರ ಐದನೇ ಆವೃತ್ತಿಯ ನಿಯಮಗಳನ್ನು. ಗೊತ್ತಿಲ್ಲದವರಿಗೆ ಹೇಳುವುದಾದರೆ, ನಾಲ್ವರು ಒಂದೊಂದು ಪಾತ್ರ ಹಿಡಿಯುತ್ತಾರೆ. ಉಳಿದವನು ನಾನು, ಡಂಜನ್ ಮಾಸ್ಟರ್. ಊರು, ಮಳೆ, ಅಂಗಡಿಯವನು, ಖಳನಾಯಕ ಎಲ್ಲರೂ ನನ್ನ ಬಾಯಲ್ಲೇ ಮಾತಾಡಬೇಕು. ಏಟು ಬಿತ್ತೋ ತಪ್ಪಿತೋ ಅಂತ ಹೇಳುವುದು ಇಪ್ಪತ್ತು ಮುಖದ ದಾಳ.

ಮಾಂತ್ರಿಕ ನಗೆಪಾಟಲಾದ ಮೇಲೆ ಇನ್ನೊಂದು ತುದಿಗೆ ಹೋದೆ. ಎರಡನೇ ಖಳನಿಗೆ ನಾಲ್ಕು ಪುಟದ ಪೂರ್ವಕಥೆ ಬರೆದೆ. ಹೆಂಡತಿ ಸತ್ತಳು, ಊರವರು ಮನೆ ಸುಟ್ಟರು, ರಾಜ ಮೋಸ ಮಾಡಿದ. ಅವನು ಬಾಯಿ ತೆರೆಯುವ ಮೊದಲೇ ನಮ್ಮ ಬಿಲ್ಲುಗಾರ ದಾಳ ಉರುಳಿಸಿದ, 20 ಬಿತ್ತು, ಎರಡು ಪಟ್ಟು ಏಟು. ನಾಲ್ಕು ಪುಟ ಹಾಗೇ ಉಳಿಯಿತು. ಈಗ ನೋಡಿದರೆ ಅದು ಯಾರಿಗೂ ಕೇಳಿಸದೇ ಹೋದದ್ದೇ ಒಳ್ಳೆಯದಾಯಿತು. ಅದರಲ್ಲಿ ಅಳು ಇತ್ತು, ಆಸೆ ಇರಲಿಲ್ಲ.

ನಮ್ಮ ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವಾಗ ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟುತ್ತಾರೆ. ದುರ್ಯೋಧನನ ಪಾತ್ರಕ್ಕೆ ಯಾವಾಗಲೂ ಪೈಪೋಟಿ. ಹಾರ್ಮೋನಿಯಂ ಮೇಷ್ಟ್ರು ಕಲಿಸುವಾಗ ಕೂತು ನೋಡಿದ್ದೇನೆ; 'ನಾನು ಕೆಟ್ಟವನು' ಅಂತ ಅಂದುಕೊಂಡು ಯಾವ ದುರ್ಯೋಧನನೂ ರಂಗಕ್ಕೆ ಬರುವುದಿಲ್ಲ. ನಮ್ಮಪ್ಪನ ರಾಜ್ಯ, ನನಗೆ ಸೇರಬೇಕು ಅಂತಲೇ ಗದೆ ಊರುತ್ತಾನೆ. ಇದು ಕಣ್ಣೆದುರೇ ಇದ್ದರೂ ನಾನು ಇಂಟರ್ನೆಟ್ಟಿನಲ್ಲಿ ಖಳರನ್ನು ಹುಡುಕುತ್ತಿದ್ದೆ.

ಕೊನೆಗೆ ಖಳ ಸಿಕ್ಕಿದ್ದು ಮನೆಯೊಳಗೇ. ನಮ್ಮ ತಾತ ಊರ ಕೆರೆಯ ನೀರುಗಂಟಿ. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೀರ್ಮಾನಿಸುವುದು ಅವರ ಕೆಲಸ, ಸುಗ್ಗಿಯಲ್ಲಿ ಕಣದಿಂದ ಸಿಗುವ ಕಾಳು ಅದರ ಕೂಲಿ. ಒಂದು ವರ್ಷ ಕೆರೆ ಕೋಡಿ ಬಿತ್ತು. ಊರವರು ಬಾಗಿನ ಬಿಟ್ಟರು, ತಾತನನ್ನು ಕರೆಯಲಿಲ್ಲ. ನೀರು ಬಿಡೋಕೆ ತಾತ ಬೇಕಿತ್ತು, ಬಾಗಿನಕ್ಕೆ ಬೇಡವಾಗಿತ್ತು. ಆಮೇಲೆ ಬಸ್ಸು ಕೆರೆ ಏರಿ ಮೇಲೆ ಹೋಗುವಾಗಲೆಲ್ಲ ತಾತ ಮುಖ ಆಚೆ ತಿರುಗಿಸಿ ಕೂರುತ್ತಿದ್ದರು, ಸಾಯುವ ತನಕ. ಅವರು ಯಾರಿಗೂ ಕೇಡು ಮಾಡಲಿಲ್ಲ. ಮಾಡುವ ಮನಸ್ಸು ಬಂದಿದ್ದರೆ? ತೂಬು ಅವರ ಕೈಯಲ್ಲೇ ಇತ್ತಲ್ಲ. ತಾತನ ವಿಷಯದಲ್ಲಿ ಹೀಗೆ ಯೋಚಿಸಿದ್ದಕ್ಕೆ ಸ್ವಲ್ಪ ಹೊತ್ತು ನಾಚಿಕೆಯಾಯಿತು, ಆಮೇಲೆ ಬರೆಯಲು ಕೂತೆ.

ಹಾಗೆ ಹುಟ್ಟಿದವನು ಚೆಲುವಯ್ಯ, ಒಂದು ದೊಡ್ಡ ಕೆರೆಯ ನೀರುಗಂಟಿ. ಒಂದು ಕಾರ್ಡಿನಲ್ಲಿ ಅವನಿಗೆ ಎರಡು ಕಾರಣ ಬರೆದುಕೊಂಡೆ. ಒಂದು ಜಗಲಿ ಕಾರಣ, ನಾಲ್ಕು ಜನರ ಮುಂದೆ ತಲೆಯೆತ್ತಿ ಹೇಳುವಂಥದ್ದು. ಇನ್ನೊಂದು ನಡುಮನೆ ಕಾರಣ, ಹೆಂಡತಿಯ ಹತ್ತಿರವೂ ಬಾಯಿಬಿಡದ್ದು.

ಜಗಲಿ ಕಾರಣ ಬರೀ ಲೆಕ್ಕ. ಕೆರೆಯಲ್ಲಿ 12 ಅಳತೆ ನೀರು. ಊರು ಐದು, ಒಂದೊಂದಕ್ಕೆ 3 ಅಳತೆ ಬೇಕು, ಒಟ್ಟು 15. ಎಲ್ಲರಿಗೂ ಹಂಚಿದರೆ ಯಾರ ಬೆಳೆಯೂ ಕೈಗೆ ಬರುವುದಿಲ್ಲ, ಒಂದು ಊರನ್ನು ಬಿಟ್ಟರೆ ನಾಲ್ಕು ಊರು ಉಣ್ಣುತ್ತವೆ. ಕಾಲುವೆಯ ಕೊನೆಯಲ್ಲಿರುವ ಕಡೇಹಳ್ಳಿಗೆ ಅವನು ನೀರು ನಿಲ್ಲಿಸಿದ. ಇದನ್ನು ನಮ್ಮ ಮೇಜಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಜೂನ್ ಬಂದರೆ ಕನ್ನಂಬಾಡಿ ಕಟ್ಟೆಯಲ್ಲಿ ನೀರು ಎಷ್ಟು ಅಡಿ ಅಂತ ಪೇಪರಿನಲ್ಲಿ ಮೊದಲು ನೋಡುವ ಮನೆಗಳಿಂದ ಬಂದವರು. 124.80 ಅಡಿ ಅಂದರೆ ತುಂಬಿತು ಅಂತ ಮಕ್ಕಳಿಗೂ ಗೊತ್ತು. ಮದ್ದೂರಿನವನಂತೂ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದವನು. ಡ್ರಾಗನ್ನಿನ ಚಿನ್ನಕ್ಕೆ ಅಲುಗಾಡದವನು ಕಡೇಹಳ್ಳಿ ಅಂದ ಕೂಡಲೇ ಕುರ್ಚಿ ಮುಂದಕ್ಕೆ ಎಳೆದುಕೊಂಡ.

ನಡುಮನೆ ಕಾರಣವನ್ನು ಚೆಲುವಯ್ಯನ ಬಾಯಲ್ಲಿ ಹೇಳಿಸಬಾರದು ಅಂತ ತೀರ್ಮಾನಿಸಿದ್ದೆ. ನಾಲ್ಕು ಪುಟದ ಪಾಠ ಕಲಿತಿದ್ದೆನಲ್ಲ. ಬದಲಿಗೆ ಅವನ ಮನೆಯಲ್ಲಿ ಒಂದು ವಸ್ತು ಇಟ್ಟೆ. ನಮ್ಮ ತಂಡದ ಕಳ್ಳಿಯ ಪಾತ್ರ ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿಯದು. ರಾತ್ರಿ ತೂಬಿನ ಬೀಗದ ಕೈ ಕದಿಯಲು ನುಗ್ಗಿದಳು. ಅಟ್ಟದ ಮೇಲೆ ಒಂದು ಜೊತೆ ಮೊರ ಸಿಕ್ಕಿತು. ಒಳಗೆ ಬಳೆ, ಬಿಚ್ಚೋಲೆ, ಕರಿಮಣಿ, ಹುಳ ಹಿಡಿದ ಬೇಳೆ. ನಾನು ಅಷ್ಟೇ ಹೇಳಿ ಸುಮ್ಮನಾದೆ. ಅವಳು ದಾಳ ಕೈಯಲ್ಲೇ ಹಿಡಿದುಕೊಂಡು, "ಬಾಗಿನ ಇದು. ಬಿಟ್ಟೇ ಇಲ್ಲ," ಅಂದಳು. ಆಮೇಲೆ ಪಕ್ಕದ ಮನೆ ಮುದುಕಿಯನ್ನು ವಿಚಾರಿಸಿ ಉಳಿದದ್ದನ್ನು ತಾವೇ ಹೊಂದಿಸಿಕೊಂಡರು: ಹನ್ನೊಂದು ವರ್ಷದ ಹಿಂದೆ ಕೆರೆ ತುಂಬಿದಾಗ ಪೂಜೆ ನಡೆಸಿದ್ದು ಕಡೇಹಳ್ಳಿಯವರು, ಚೆಲುವಯ್ಯನ ತಾಯಿ ಹೊಸ ಸೀರೆ ಉಟ್ಟು ಕತ್ತಲಾಗುವ ತನಕ ಜಗಲಿಯಲ್ಲೇ ಕೂತಿದ್ದಳು, ಯಾರೂ ಕರೆಯಲು ಬರಲಿಲ್ಲ.

ಇನ್ನೊಂದು ಅಭ್ಯಾಸ ಮಾಡಿಕೊಂಡೆ. ಪ್ರತಿ ಶನಿವಾರ ರಾತ್ರಿ ಹತ್ತು ನಿಮಿಷ ಚೆಲುವಯ್ಯನಾಗಿ ಕೂತು, ಈ ವಾರ ನಾನೇನು ಮಾಡಿದೆ ಅಂತ ಒಂದು ಸಾಲು ಬರೆಯುವುದು. ಆಟಗಾರರು ಅವನ ಮುಖ ನೋಡುವ ಮೊದಲೇ ಅವನ ಕೆಲಸ ನೋಡಬೇಕು. ಒಂದು ವಾರ ಕಾಲುವೆ ಕಾವಲಿಗೆ ಆಳು ಇಟ್ಟ. ಇನ್ನೊಂದು ವಾರ ಕಡೇಹಳ್ಳಿಯ ಒಬ್ಬ ಬಾಣಂತಿಗೆ ತನ್ನ ಗಾಡಿಯಲ್ಲೇ ಎರಡು ಹಂಡೆ ನೀರು ಕಳಿಸಿದ. ಈ ಎರಡನೆಯದು ಬರೆದ ಮೇಲೆ ಅವನು ನನಗೇ ಪೂರ್ತಿ ಅರ್ಥವಾಗದವನಾದ. ಆಗ ಸರಿ ಅನ್ನಿಸಿತು.

ಅತಿಯೂ ಆಯಿತು. ಅವನ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ ಆರನೇ ಸೆಷನ್ ಹೊತ್ತಿಗೆ ಅವನ ಮಾತೇ ಮಾತು, ಆಟಗಾರರ ಮಾತಿಗೆಲ್ಲ ಅವನದೊಂದು ತಯಾರಾದ ಉತ್ತರ. ಮದ್ದೂರಿನವನು ಕಟ್ಟು ಪದ್ಧತಿ ಮಾಡೋಣ, ಸರದಿ ಮೇಲೆ ನೀರು ಬಿಡಲಿ ಅಂದರೂ ಚೆಲುವಯ್ಯ ತಳ್ಳಿಹಾಕಿದ. "ಲೋ, ಕೊನೆಗೆ ನಾವೇ ವಿಲನ್ ಆಗಿಬಿಟ್ವಲ್ಲೋ," ಅಂತ ಗೆಳೆಯ ನಿಜವಾಗಿಯೇ ಮುನಿಸಿಕೊಂಡ. ತಪ್ಪು ನನ್ನದು. ಕಾರಣ ಇದೆ ಅಂದ ಮಾತ್ರಕ್ಕೆ ಮಾಡಿದ್ದು ನ್ಯಾಯವಾಗುವುದಿಲ್ಲ, ಅದನ್ನು ನಾನು ಕಣ್ಣಿಗೆ ಕಾಣುವಂತೆ ಇಡಬೇಕಿತ್ತು. ಮುಂದಿನ ವಾರ ಅವರನ್ನು ಕಡೇಹಳ್ಳಿಯ ಬತ್ತಿದ ಬಾವಿಯ ಹತ್ತಿರ ನಿಲ್ಲಿಸಿದೆ. ಹಗ್ಗ ಕಟ್ಟಿಕೊಂಡು ಬಾವಿಗಿಳಿದು ಚೊಂಬಿನಲ್ಲಿ ಕೆಸರು ನೀರು ತುಂಬುತ್ತಿದ್ದ ಹುಡುಗ, ಮೇಲೆ ಹಗ್ಗ ಹಿಡಿದ ಅವನ ಅಕ್ಕ. ಹಗ್ಗ ಹಳೆಯದು ಅಂತ ಮಾತ್ರ ಹೇಳಿದೆ.

ಹುಡುಗನನ್ನು ಮೇಲೆತ್ತಿದ ಮೇಲೆ ನಾಲ್ವರೂ ಹೋಗಿದ್ದು ಕತ್ತಿ ಹಿರಿದುಕೊಂಡಲ್ಲ. ಕಡೇಹಳ್ಳಿಯ ಯಜಮಾನರನ್ನು ಕರೆದುಕೊಂಡು, ಹೊಸ ಮೊರಗಳನ್ನು ಹಿಡಿದು, ಚೆಲುವಯ್ಯನ ತಾಯಿಯ ಮುಂದೆ ನಿಂತರು. ಮುದುಕಿ ಏರಿ ಮೇಲೆ ನಡೆದು ಹೋಗಿ ಬಾಗಿನ ಬಿಟ್ಟಳು. ಚೆಲುವಯ್ಯ ದೂರ ನಿಂತು ನೋಡಿದ.

ಅಲ್ಲಿಗೆ ಕಥೆ ಮುಗಿಯಿತು ಅಂತ ಗೆಳತಿ ಚಿಪ್ಸ್ ಪೊಟ್ಟಣ ಒಡೆದಳು. ಆದರೆ ನನ್ನ ಕಾರ್ಡಿನಲ್ಲಿ ಎರಡು ಕಾರಣ ಇದ್ದವು, ಕರಗಿದ್ದು ಒಂದು. ಚೆಲುವಯ್ಯ ಬಂದು ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟ. "ಕೋಪ ಹೋಯ್ತು ಕಣವ್ವ. ಹನ್ನೆರಡು ಹನ್ನೆರಡಾಗೇ ಅದೆ. ಈಗ ನೀವೇ ಬಿಡಿ."

ಐವತ್ತು ನಿಮಿಷ ಯಾರೂ ದಾಳ ಮುಟ್ಟಲಿಲ್ಲ. ಕ್ಯಾಲ್ಕುಲೇಟರ್ ಬಂತು, ಕಟ್ಟು ಪದ್ಧತಿ ಮತ್ತೆ ಬಂತು, ಒಂದು ಊರಿಗೆ ಭತ್ತದ ಬದಲು ರಾಗಿ ಹಾಕಿಸುವ ಮಾತೂ ಬಂತು. ತೀರ್ಮಾನವಾಗದೇ ಎದ್ದರು. ರಾತ್ರಿ ಒಂದು ಗಂಟೆಗೆ ಮದ್ದೂರಿನವನ ವಾಟ್ಸಾಪ್ ಮೆಸೇಜು: "ಮಲಗಿದ್ಯಾ? ಕೆರೆ ಹೂಳು ತೆಗೆಸಿದ್ರೆ ಎಷ್ಟು ಅಳತೆ ಜಾಸ್ತಿ ಸಿಗುತ್ತೆ?"